ಕಲ್ಲಿಗೆ ಏನು ಕುಡಿಸುವುದು

ಬಂದರಿನ ಇದ್ದಿನಬ್ಬರ ಅಂಗಡಿಯಲ್ಲಿ
ಎಣ್ಣೆ ಕೇಳಿದರೆ ಮೊದಲು ಮರುಪ್ರಶ್ನೆ:
"ಯಾವುದಕ್ಕೆ ಮಾರಾಯ್ರೆ? ಬೀಗಕ್ಕೋ, ಬೋಟಿಗೋ, ತಲೆಗೋ?"
ಉಳಿ ಮಸೆಯುವ ಕಲ್ಲಿಗೆ, ಅಂದೆ.
ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು,
ಹಸುಗೂಸಿಗೆ ಹಾಲುಪುಡಿ ಯಾವುದೆಂದು ಗೊತ್ತಿಲ್ಲದೆ
ಮೆಡಿಕಲ್ಲಿನೆದುರು ನಿಂತ ಗಂಡಸನ್ನು ನೋಡುವ ಹಾಗೆ.

ಹೊಸ ಕಲ್ಲು. ಇನ್ನೂ ಏನನ್ನೂ ಕುಡಿದಿಲ್ಲ.
ಒಂದು ಮಗ್ಗುಲು ದೊರಗು, ಒಂದು ಮಗ್ಗುಲು ಮೀನಿನ ಹೊಟ್ಟೆ.
ಒಮ್ಮೆ ಎಣ್ಣೆ ಒಳಗಿಳಿದರೆ
ಆಮೇಲೆ ನೀರನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತದೆ.
ಹಾಗಾಗಿ ಮೂರು ದಿನದಿಂದ ಬಾಯಾರಿಸಿಯೇ ಇಟ್ಟಿದ್ದೇನೆ.

ತೆಂಗಿನೆಣ್ಣೆ ಮನೆಯಲ್ಲೇ ಉಂಟು.
ಜೆಪ್ಪುವಿನ ಲಿಗೋರಿ ಮೇಸ್ತರಲ್ಲಿ ಕೆಲಸಕ್ಕೆ ಸೇರಿದ ವರ್ಷ
ಅದನ್ನೇ ಸುರಿದಿದ್ದೆ ಅವರ ಕಲ್ಲಿನ ಮೇಲೆ, ಕೇಳದೆ.
ಮೊದಲ ವಾರ ಏನು ಜಾರಿಕೆ!
ಎರಡು ತಿಂಗಳಿಗೆ ಕಲ್ಲು ಜಿಡ್ಡುಗಟ್ಟಿ ಹಳೇ ದೋಸೆಕಾವಲಿ.
ಉಳಿ ಹೋಗಿ ಬರುತ್ತಿತ್ತು,
ಹೋದ ಹಾಗೆಯೇ ಬರುತ್ತಿತ್ತು.
ಮೇಸ್ತರು ಬೈಯಲಿಲ್ಲ.
ಪಾತ್ರೆಗೆ ಸೋಡಾಪುಡಿ ಹಾಕಿ
ಕಲ್ಲನ್ನು ಗೆಣಸಿನ ಹಾಗೆ ಬೇಯಿಸು, ಎಂದರು.
ಮೇಲೆದ್ದ ನೊರೆಗೆ ನನ್ನ ತಲೆಯದೇ ವಾಸನೆ.

ಬೆಂಗ್ರೆಯ ತನಿಯಪ್ಪ ಪುಕ್ಕಟೆ ಕೊಟ್ಟ
ಬೂತಾಯಿ ಎಣ್ಣೆ, ದೋಣಿಯ ಹೊಟ್ಟೆಗೆ ಹಚ್ಚಿ ಉಳಿದದ್ದು.
ಒಡೆದ ಹಳೇ ತುಂಡಿಗೆ ಸವರಿ ನೋಡಿದೆ.
ಬೆಳಿಗ್ಗೆ ಬಂದರೆ ಬೆಂಚಿನ ಮೇಲೆ ನಾಲ್ಕು ಬೆಕ್ಕು,
ಕಲ್ಲು ನೆಕ್ಕಿ ನೆಕ್ಕಿ ನಾಲಿಗೆ ಮಸೆದುಕೊಂಡವು.
ಗೇರುಬೀಜದ ಸಿಪ್ಪೆಯೆಣ್ಣೆಯ ಮಾತೇ ಬೇಡ,
ಉಳಿಗಿಂತ ಮೊದಲು ಕೈ ಸುಲಿಯುತ್ತದೆ.
ಗ್ಯಾರೇಜಿನ ಸುಟ್ಟ ಆಯಿಲ್?
ಯಾರದೋ ಲಾರಿಯ ಕಾಯಿಲೆ ನನ್ನ ಉಳಿಗೆ ಯಾಕೆ.
ಸೀಮೆಎಣ್ಣೆ ಒಳ್ಳೆಯದು, ತೆಳು, ಕಲ್ಲಿನ ಬಾಯಿ ತೊಳೆಯುತ್ತದೆ,
ಆದರೆ ಸಿಗಬೇಕಲ್ಲ. ಸಿಕ್ಕ ದಿನ
ಮಧ್ಯಾಹ್ನದ ಗಂಜಿಯಲ್ಲೂ ಅದೇ.

ಹೊಲಿಗೆ ಮಿಷಿನಿನ ಎಣ್ಣೆ ಸರಿಯೆಂದು ಗೊತ್ತು.
ಬಣ್ಣವಿಲ್ಲ, ವಾಸನೆಯಿಲ್ಲ, ಚೂಪು ಮೂತಿಯ ಪುಟ್ಟ ಬಾಟಲಿ.
ಹೆಂಡತಿಯದು ಡ್ರಾಯರಿನಲ್ಲುಂಟು.
ಹತ್ತು ಹನಿ ಕದ್ದರೆ ಹತ್ತು ರವಿಕೆಯ ಲೆಕ್ಕ ಹೇಳುತ್ತಾಳೆ.

ಗೊತ್ತಿದ್ದೂ ಯಾಕೆ ಮೂರು ದಿನ?

ಮೇಸ್ತರಲ್ಲಿ ಇನ್ನೊಂದು ಕಲ್ಲಿತ್ತು, ನೀರಿನದು.
ಗೋಣಿಯಲ್ಲಿ ಸುತ್ತಿ ಕಪಾಟಿನ ಮೇಲೆ.
ಇಗರ್ಜಿಯಿಂದ ಆಳು ಬಂದು
ಅಳತೆ ಹೇಳಿದ ರಾತ್ರಿ ಮಾತ್ರ ಅದು ಕೆಳಗಿಳಿಯುತ್ತಿತ್ತು.
ಎಣ್ಣೆ ಕುಡಿದ ಕೀಸುಳಿ ಹಲಗೆಗೆ ಬಾಯಿ ಒರೆಸುತ್ತದೆ,
ಒಳಗೆ ಹೊದಿಸಿದ ಬಿಳಿ ಬಟ್ಟೆಗೆ
ಬೆಳಗಾಗುವಾಗ ಕಲೆ ಏರುತ್ತದೆ, ಅನ್ನುತ್ತಿದ್ದರು.
ನಮ್ಮದು ಉಪ್ಪುಗಾಳಿಯ ಊರು, ನೀರು ತಾಗಿದ ಉಕ್ಕು
ಬೀಡಿ ಸೇದಿ ಬರುವುದರೊಳಗೆ ಕೆಂಪಾಗುತ್ತದೆ.
ಮಸೆ, ಒರೆಸು, ಮತ್ತೆ ಮಸೆ, ಮತ್ತೆ ಒರೆಸು.

ಒಂದು ಸಲ, ನಾಲ್ಕಡಿ ಮೂರಿಂಚಿನ ಪೆಟ್ಟಿಗೆ.
ನಿದ್ದೆಗಣ್ಣಿನಲ್ಲಿ ಕೇಳಿಬಿಟ್ಟೆ:
ಮುಚ್ಚಳ ಹಾಕಿದ ಮೇಲೆ ಒಳಗೆ ಯಾರು ನೋಡ್ತಾರೆ?
ಅವರು ಕೀಸುಳಿಯ ಅಲಗನ್ನು ಅಂಗಿಗೆ ಒರೆಸಿದರು.
"ಹಾಕುವ ಮೊದಲು ಅವನಮ್ಮ ನೋಡ್ತಾಳೆ."

"ಹೇಳಿ ಮತ್ತೆ, ಏನು ಕೊಡಲಿ?"
ಇದ್ದಿನಬ್ಬರ ಹಿಂದೆ ಇನ್ನಿಬ್ಬರು ಗಿರಾಕಿ, ಒಬ್ಬನಿಗೆ ನಲ್ಲಿ, ಒಬ್ಬನಿಗೆ ಮೊಳೆ.
ಹೊಲಿಗೆ ಎಣ್ಣೆ ದೊಡ್ಡ ಬಾಟಲಿ ಒಂದು, ಅಂದೆ.
ಮತ್ತೆ, ಇಂಥದ್ದೇ ಕಲ್ಲು ಇನ್ನೊಂದು ಇದ್ದರೆ ಕೊಡಿ.
"ಒಂದೇ ತಿಂಗಳಲ್ಲಿ ಎರಡು ಕಲ್ಲಾ? ಅಷ್ಟು ಕೆಲಸ ಉಂಟಾ?"
ಇಲ್ಲ. ಅದು ಕಪಾಟಿನ ಮೇಲೆ ಇಡಲಿಕ್ಕೆ.
ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.
ಚಿಲ್ಲರೆ ಇಲ್ಲವೆಂದು
ಎರಡು ಹಾಳೆ ಮರಳುಕಾಗದ ಕೊಟ್ಟರು.